ಬಾಡಿಗೆ ಮನೆ, ನೆರೆ ನೀರು ಮತ್ತು ‘ಗೊತ್ತಿಲ್ಲ’ ಎಂಬ ಗುರುತು

ಪ್ರಶ್ನೆ: ಅಮೆರಿಕದ ಹ್ಯೂಸ್ಟನ್ನಿನಲ್ಲಿ ಬಾಡಿಗೆಗೆ ಮನೆ ನೋಡಿದ್ದೇವೆ. ಲೀಸ್ ಪತ್ರದ ಜೊತೆ ನೆರೆಯ ಬಗ್ಗೆ ಬೇರೆಯದೇ ಹಾಳೆ ಕೊಟ್ಟಿದ್ದಾರೆ. ಅದರ ಎರಡೂ ಸಾಲಿನಲ್ಲಿ ಮಾಲೀಕರು ‘ನನಗೆ ತಿಳಿದಿಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದ್ದಾರೆ. ನಂಬಿ ಸಹಿ ಹಾಕಬಹುದೇ?
– ಓದುಗರು, ಹ್ಯೂಸ್ಟನ್

ಉತ್ತರ: ಸಹಿ ಹಾಕುವ ಮೊದಲು ಆ ಎರಡು ಸಾಲುಗಳು ಕೇಳುವುದೇನು ಎಂದು ನೋಡಿ. ಟೆಕ್ಸಸ್‌ನಲ್ಲಿ 2022ರ ಜನವರಿ 1ರಿಂದ ಈ ಹಾಳೆ ಕಡ್ಡಾಯ; ಸಹಿಗೆ ಮುಂಚೆ, ಅಥವಾ ಸಹಿ ಹಾಕುವಾಗಲೇ ಕೊಡಬೇಕು. ಮನೆ ‘ನೂರು ವರ್ಷದ ನೆರೆ’ಯ ವಲಯದಲ್ಲಿದೆ ಎಂಬುದು ಮಾಲೀಕರಿಗೆ ಗೊತ್ತೇ ಎಂದು ಮೊದಲ ಸಾಲು ಕೇಳುತ್ತದೆ. ಕಳೆದ 5 ವರ್ಷದಲ್ಲಿ ಒಮ್ಮೆಯಾದರೂ ಮನೆಗೆ ನೀರು ನುಗ್ಗಿದ್ದು ಗೊತ್ತೇ ಎಂಬುದು ಎರಡನೆಯದು. ಎರಡೂ ಕಡೆ ಪ್ರಶ್ನೆ ಇರುವುದು ಮಾಲೀಕರ ತಿಳಿವಳಿಕೆಯ ಬಗ್ಗೆ. ಮೊನ್ನೆ ಮನೆ ಕೊಂಡವರೂ ಪ್ರಾಮಾಣಿಕವಾಗಿಯೇ ‘ತಿಳಿದಿಲ್ಲ’ ಎನ್ನಬಹುದು. 2017ರ ಆಗಸ್ಟ್‌ನ ಹಾರ್ವಿ ಚಂಡಮಾರುತದಲ್ಲಿ ಸೊಂಟದವರೆಗೆ ಮುಳುಗಿದ ಮನೆಯಾದರೂ ಐದು ವರ್ಷದ ಗಡಿ ದಾಟಿರುವುದರಿಂದ ಎರಡನೇ ಸಾಲಿಗೆ ಈಗ ಲೆಕ್ಕಕ್ಕಿಲ್ಲ. ಈ ಐದು ವರ್ಷದ ಗೆರೆ ಕಾನೂನಿನ ದೊಡ್ಡ ಕಿಂಡಿ.

ಮೊದಲ ಸಾಲನ್ನು ನೀವೇ ಪರೀಕ್ಷಿಸಬಹುದು. ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾದ ನೆರೆ ನಕ್ಷೆಯ ಜಾಲತಾಣದಲ್ಲಿ ವಿಳಾಸ ಹಾಕಿ. ‘ಎ’ ಅಥವಾ ‘ವಿ’ಯಿಂದ ಶುರುವಾಗುವ ವಲಯ ಬಂದರೆ ಅದು ನೂರು ವರ್ಷದ ವಲಯ. ಹೆಸರು ಹಾಗಿದೆಯೆಂದು ನೂರು ವರ್ಷಕ್ಕೊಮ್ಮೆ ಮಾತ್ರ ನೀರು ಬರುತ್ತದೆಂದು ತಿಳಿಯಬೇಡಿ. ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ಶೇ. 1, ಮೂವತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 26. ಅಂದಹಾಗೆ, ಈ ಸಾಲಿನಲ್ಲಿ ಎರಡೂ ಚೌಕ ಖಾಲಿ ಬಿಟ್ಟಿದ್ದರೆ ಮನೆ ವಲಯದೊಳಗೇ ಇದೆ ಎಂದು ಭಾವಿಸಿ ಅಂತ ಆ ಹಾಳೆಯಲ್ಲೇ ಅಚ್ಚಾಗಿದೆ.

ಎರಡನೆಯದಕ್ಕೆ ಮಾಲೀಕರಿಗೆ ಇಮೇಲ್ ಬರೆಯಿರಿ, ಫೋನಿನಲ್ಲಿ ಕೇಳಬೇಡಿ. “ಐದು ವರ್ಷವೆಂದಲ್ಲ, ನಿಮಗೆ ತಿಳಿದಂತೆ ಯಾವಾಗಲಾದರೂ ಮನೆಗೆ, ಗ್ಯಾರೇಜಿಗೆ ನೀರು ಬಂದಿತ್ತೇ? ಯಾವ ವರ್ಷ, ಎಷ್ಟು ಇಂಚು? ಈ ಮನೆಗೆ ನೆರೆ ವಿಮೆ ಮಾಡಿಸಿದ್ದೀರಾ?” ಎಂದು ಬಿಡಿಬಿಡಿಯಾಗಿ ಕೇಳಿ. ಕೊನೆಯ ಪ್ರಶ್ನೆ ಸುಮ್ಮನೆ ಸೇರಿಸಿದ್ದಲ್ಲ. ಮಾಲೀಕರು ನೆರೆ ವಿಮೆ ಇಟ್ಟುಕೊಂಡಿದ್ದರೆ, ಅಥವಾ ಸಾಲ ಕೊಟ್ಟ ಬ್ಯಾಂಕು ಅದನ್ನು ಕಡ್ಡಾಯ ಮಾಡಿದ್ದರೆ, ಅಪಾಯ ‘ಗೊತ್ತಿತ್ತು’ ಎಂದೇ ಕ್ಯಾಲಿಫೋರ್ನಿಯಾದ ಕಾನೂನು ಹಿಡಿಯುತ್ತದೆ. ಟೆಕ್ಸಸ್‌ನಲ್ಲೂ ಆ ಉತ್ತರ ನಿಮ್ಮ ಕೈಯಲ್ಲಿದ್ದರೆ ಒಳ್ಳೆಯದು.

ಮನೆ ನೋಡಲು ಹೋದಾಗ ಕಣ್ಣು ನೆಲದ ಹತ್ತಿರ ಇರಲಿ. ಬೀರುವಿನೊಳಗೆ, ಮೂಲೆಯಲ್ಲಿ ಕಾರ್ಪೆಟ್ಟಿನ ತುದಿ ಎತ್ತಿ ನೋಡಲು ಅನುಮತಿ ಕೇಳಿ. ಅಂಚಿನ ಮರದ ಪಟ್ಟಿಯ ಸಣ್ಣ ಮೊಳೆಗಳು ತುಕ್ಕು ಹಿಡಿದು ಮರಕ್ಕೆ ಕಂದು ಕಲೆ ಬಿಟ್ಟಿದ್ದರೆ ಅಲ್ಲಿ ನೀರು ನಿಂತಿತ್ತು ಎಂದರ್ಥ. ನೆರೆಯ ನಂತರ ಗೋಡೆಯ ಕೆಳಭಾಗವನ್ನಷ್ಟೇ ಕತ್ತರಿಸಿ ಹೊಸ ಹಲಗೆ ಕೂರಿಸುವುದು ರೂಢಿ. ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರೆ ಎರಡು ಅಥವಾ ನಾಲ್ಕು ಅಡಿ ಎತ್ತರದಲ್ಲಿ ಅಡ್ಡಕ್ಕೆ ಓಡುವ ಜೋಡಣೆಯ ಗೆರೆ ಎದ್ದು ಕಾಣುತ್ತದೆ. ಬಣ್ಣ ಎಷ್ಟೇ ಹೊಸದಿದ್ದರೂ ಈ ಗೆರೆ ಮುಚ್ಚುವುದು ಕಷ್ಟ.

ಮಾಲೀಕರು ಗೊತ್ತಿದ್ದೂ ಮುಚ್ಚಿಟ್ಟು, ಆಮೇಲೆ ನೀರು ನುಗ್ಗಿದರೆ ಲೀಸ್ ಮುರಿಯುವ ಹಕ್ಕು ನಿಮಗಿದೆ. ಆದರೆ ದುರಸ್ತಿಗೋ ಬದಲಿಗೋ ತಗಲುವ ಖರ್ಚು ನಿಮ್ಮ ಸಾಮಾನಿನ ಅಂದಿನ ಮಾರುಕಟ್ಟೆ ಬೆಲೆಯ ಶೇ. 50 ಮುಟ್ಟಬೇಕು, ಹಾನಿಯಾದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಮುಂಗಡ ಕಟ್ಟಿದ ಬಾಡಿಗೆಯಲ್ಲಿ ಲೀಸ್ ಮುರಿದ ನಂತರದ ಅವಧಿಯದು ವಾಪಸ್ ಬರುತ್ತದೆ. ಹಾಗಾಗಿ ಮನೆ ಸೇರಿದ ದಿನವೇ ಪ್ರತಿ ಕೋಣೆಯ ಸಾಮಾನಿನ ವಿಡಿಯೊ ಮಾಡಿ, ಮನೆಯಲ್ಲಿರುವ ಫೋನಿನಲ್ಲಿ ಮಾತ್ರ ಇಡದೆ ಬೇರೆಡೆಯೂ ಒಂದು ಪ್ರತಿ ಇಡಿ. ಅರ್ಧ ಬೆಲೆ ಹೋಯಿತೆಂದು ತೋರಿಸುವಾಗ ಅದೇ ಆಧಾರ.

ಪ್ರಶ್ನೆ: ರೆಂಟರ್ಸ್ ಇನ್ಶೂರೆನ್ಸ್ ಮಾಡಿಸಿದ್ದೇನೆ. ನೆರೆಗೆ ಅದು ಸಾಲದೇ?
– ಓದುಗರು, ನ್ಯೂಜೆರ್ಸಿ

ಉತ್ತರ: ಸಾಲದು. ಸಾಮಾನ್ಯ ಬಾಡಿಗೆದಾರರ ವಿಮೆಯಲ್ಲಿ ನೆರೆ ಸೇರಿರುವುದಿಲ್ಲ, ಮಾಲೀಕರ ವಿಮೆಗೆ ನಿಮ್ಮ ಸಾಮಾನಿನ ಸಂಬಂಧವಿಲ್ಲ. ಒಕ್ಕೂಟ ಸರ್ಕಾರದ ನೆರೆ ವಿಮೆಯಲ್ಲಿ ಸಾಮಾನಿಗಷ್ಟೇ ಬೇರೆ ಪಾಲಿಸಿ ಸಿಗುತ್ತದೆ, ಗರಿಷ್ಠ 1,00,000 ಡಾಲರ್. ಹೊಸ ಪಾಲಿಸಿ ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿಗೆ ಬರುತ್ತದೆ. ಟಿವಿಯಲ್ಲಿ ಚಂಡಮಾರುತದ ಸುದ್ದಿ ನೋಡಿ ಓಡಿದರೆ ಪ್ರಯೋಜನವಿಲ್ಲ. ಸವಕಳಿ ಕಳೆದ ಬೆಲೆಯೇ ಕೈಗೆ ಬರುವುದು.

ಪ್ರಶ್ನೆ: ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬೇಸ್‌ಮೆಂಟ್ ಮನೆ ಅಗ್ಗಕ್ಕೆ ಸಿಗುತ್ತಿದೆ. ಫೆಮಾ ನಕ್ಷೆಯ ನೆರೆ ವಲಯದ ಹೊರಗಿದೆ ಎಂದು ಲೀಸ್‌ನಲ್ಲೇ ಬರೆದಿದ್ದಾರೆ.
– ಓದುಗರು, ನ್ಯೂಯಾರ್ಕ್

ಉತ್ತರ: ಅದು ನಿಜವಿರಬಹುದು, ಆದರೆ ನಿಮ್ಮ ಅಪಾಯ ಬೇರೆ. ಫೆಮಾ ನಕ್ಷೆ ಮುಖ್ಯವಾಗಿ ನದಿ ಮತ್ತು ಕಡಲಿನ ನೆರೆಯದು. ಬಿರುಮಳೆಗೆ ಒಳಚರಂಡಿ ಉಕ್ಕುವುದು ಅದರಲ್ಲಿ ಕಾಣುವುದಿಲ್ಲ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆ ಸುರಿದಾಗ ನಗರದ ಬೇಸ್‌ಮೆಂಟ್ ಮನೆಗಳಲ್ಲಿ 11 ಜನ ಸತ್ತರು, ಹೆಚ್ಚಿನವರು ಕ್ವೀನ್ಸ್‌ನವರೇ. ನಗರಾಡಳಿತದ ಮಳೆನೀರಿನ ನೆರೆ ನಕ್ಷೆ ಬೇರೆಯೇ ಇದೆ, ಅದರಲ್ಲಿ ನಿಮ್ಮ ಬೀದಿ ಹುಡುಕಿ. ನ್ಯೂಯಾರ್ಕ್ ರಾಜ್ಯದಲ್ಲಿ 2023ರ ಜೂನ್‌ನಿಂದ ಲೀಸ್‌ನಲ್ಲಿ ವಲಯದ ಜೊತೆಗೆ ಹಿಂದೆ ನೆರೆಯಿಂದ ಹಾನಿಯಾಗಿತ್ತೇ ಎಂಬುದನ್ನೂ ತಿಳಿಸಬೇಕು, ಅದಕ್ಕೆ ಟೆಕ್ಸಸ್‌ನಂತೆ ಐದು ವರ್ಷದ ಗಡಿಯಿಲ್ಲ. ಆ ಸಾಲು ನಿಮ್ಮ ಪತ್ರದಲ್ಲಿ ಇದೆಯೇ?

ಸರ್ಕಾರಿ ನೆರೆ ವಿಮೆಯೂ ಇಲ್ಲಿ ಹೆಚ್ಚು ಕೈ ಹಿಡಿಯುವುದಿಲ್ಲ. ನಾಲ್ಕೂ ಕಡೆ ನೆಲಮಟ್ಟಕ್ಕಿಂತ ಕೆಳಗಿರುವ ಬೇಸ್‌ಮೆಂಟಿನಲ್ಲಿ ವಾಷಿಂಗ್ ಮೆಷಿನ್, ಡ್ರೈಯರ್, ಫ್ರೀಜರ್‌ನಂಥ ಕೆಲವಕ್ಕೆ ಮಾತ್ರ ಪರಿಹಾರ. ಹಾಸಿಗೆ, ಬಟ್ಟೆ, ಲ್ಯಾಪ್‌ಟಾಪ್‌ಗೆ ಇಲ್ಲ.

ಇಷ್ಟಾದ ಮೇಲೆ ಬಾಗಿಲು ನೋಡಿ. ಮೂರು ಅಡಿ ಅಗಲದ ಬಾಗಿಲಿನ ಹೊರಗೆ ಎರಡು ಅಡಿ ನೀರು ನಿಂತರೆ ಸುಮಾರು 170 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ಹೊರಕ್ಕೆ ತೆರೆಯುವ ಬಾಗಿಲಾದರೆ ಒಬ್ಬರಿಂದ ತಳ್ಳಲಾಗದು. ಮೇಲಿನ ಮಹಡಿಗೆ ಒಳಗಿನಿಂದಲೇ ಮೆಟ್ಟಿಲಿದೆಯೇ, ಆ ಬಾಗಿಲಿಗೆ ಮೇಲಿನವರು ಬೀಗ ಹಾಕುತ್ತಾರೆಯೇ, ಕಿಟಕಿಯ ಸರಳು ಕೀಲಿಯಿಲ್ಲದೆ ಒಳಗಿನಿಂದ ತೆರೆಯುತ್ತದೆಯೇ ನೋಡಿಕೊಳ್ಳಿ. ಚರಂಡಿ ನೀರು ಹಿಂದಕ್ಕೆ ನುಗ್ಗದಂತೆ ತಡೆಯುವ ವಾಲ್ವ್ ಇದೆಯೇ, ಕೊನೆಯ ಸಲ ಯಾವಾಗ ಬಿಚ್ಚಿ ಶುಚಿ ಮಾಡಿದರು ಎಂದೂ ಕೇಳಿ. ಕಸ ಸಿಕ್ಕಿ ಅದರ ಮುಚ್ಚಳ ಕೂರದಿದ್ದರೆ ವಾಲ್ವ್ ಇದ್ದೂ ಇಲ್ಲದಂತೆ. ಹೊರಬರಲು ಎರಡನೇ ದಾರಿ ಇಲ್ಲದಿದ್ದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಆ ಮನೆ ಬಿಡಿ.