ಇಂಕ್ ಸ್ಯಾಂಪಲ್ ತರಿಸಿದೀನಿ, ಹೇಗೆ ನೋಡ್ಲಿ?

ಪ್ರಶ್ನೆ: ಫೌಂಟನ್ ಪೆನ್ನಿಗೆ ಅಂತ ಬೇರೆ ಬೇರೆ ಇಂಕಿನ 2 ಎಂಎಲ್ ಸ್ಯಾಂಪಲ್‌ಗಳನ್ನ ತರಿಸಿದೀನಿ. ಪ್ರತಿಯೊಂದನ್ನೂ ಪೆನ್ನಿಗೆ ತುಂಬಿಸಿ ತೊಳೀಬೇಕಾ? ಕಾಲೇಜು ಪರೀಕ್ಷೆ ಬರೆಯೋಕೆ ಯಾವ್ದು ಒಳ್ಳೇದು?
- ಕಾಲೇಜು ವಿದ್ಯಾರ್ಥಿನಿ, ತುಮಕೂರು

ಉತ್ತರ: ಎಲ್ಲಾ ತುಂಬಿಸೋದು ಬೇಡಮ್ಮ. ಮೊದ್ಲು ನಿಬ್ ಅದ್ದಿ ನಾಲ್ಕು ಸಾಲು ಬರೆದು ನೋಡಿ, ಆದ್ರೆ ಅದ್ದಿ ಬರೆದಾಗ ಇಂಕ್ ಜಾಸ್ತಿ ಇಳಿದು ಬಣ್ಣ ಗಾಢವಾಗೇ ಕಾಣುತ್ತೆ, ಅದನ್ನೇ ನಂಬ್ಕೊಂಡು ದೊಡ್ಡ ಬಾಟ್ಲಿ ತಗೋಬೇಡಿ, ಮನಸ್ಸಿಗೆ ಹಿಡಿಸಿದ ಒಂದೆರಡನ್ನ ಮಾತ್ರ ಸಿರಿಂಜಲ್ಲಿ, ಪೆನ್ನೊಳಗೆ ಇಂಕ್ ತುಂಬಿಡೋ ಕೊಳವೆಯಾದ ಕನ್ವರ್ಟರ್‌ಗೆ ತುಂಬಿ ದಿನಾ ಬರೆಯೋ ನೋಟ್‌ಬುಕ್ಕಲ್ಲೇ ಬರೀರಿ. ಅಗ್ಗದ ಹಾಳೇಲಿ ಕೆಲವು ಇಂಕ್ ಬೇರು ಬಿಟ್ಟಂಗೆ ಹರಡುತ್ತೆ, ಹಿಂದಿನ ಪುಟಕ್ಕೂ ಇಳಿಯುತ್ತೆ.

ಒಣಗಿದ ಮೇಲೆ ಒಂದು ಹನಿ ನೀರು ಬಿಡಿ. ರಾಯಲ್ ಬ್ಲೂ ಥರದ್ದು ಬಹುಪಾಲು ತೊಳ್ದೇ ಹೋಗುತ್ತೆ, ಐರನ್ ಗಾಲ್ ಅನ್ನೋ ಕಬ್ಬಿಣ ಬೆರೆತ ಬ್ಲೂ-ಬ್ಲ್ಯಾಕ್ ನಿಲ್ಲುತ್ತೆ, ಯಾಕಂದ್ರೆ ಅದರ ಕಬ್ಬಿಣದ ಅಂಶ ಗಾಳಿ ತಾಗಿ ಕಪ್ಪಾಗಿ ಹಾಳೆಗೆ ಕಚ್ಚಿಕೊಳ್ಳುತ್ತೆ. ಪರೀಕ್ಷೆಗೆ ನನ್ನ ಓಟು ಅದಕ್ಕೇ, ಪೆನ್ನಲ್ಲಿ ಒಣಗೋಕೆ ಮಾತ್ರ ಬಿಡಬೇಡಿ. ಮಿನುಗೋ ಶಿಮ್ಮರ್ ಇಂಕ್ ನಿಬ್ಬಿಗೆ ಇಂಕ್ ಹರಿಸೋ ಫೀಡಲ್ಲಿ ಕಟ್ಕೊಳ್ಳುತ್ತೆ, ಗ್ರೀಟಿಂಗಿಗೆ ಇಟ್ಕೊಳ್ಳಿ. ಸ್ಟೇಷನರಿ ಅಂಗಡೀಲಿ ಸಿಗೋ ಡ್ರಾಯಿಂಗ್‌ನ ಇಂಡಿಯನ್ ಇಂಕ್ ಅಂತೂ ಪೆನ್ನಿಗೆ ಹಾಕಲೇಬೇಡಿ, ಗಟ್ಟಿಯಾಗಿ ಪೆನ್ನೇ ಹಾಳಾಗುತ್ತೆ. ಬಣ್ಣ ಬದಲಿಸೋವಾಗ ತಣ್ಣೀರಲ್ಲಿ ತಿಳಿಯಾಗೋವರೆಗೂ ತೊಳೀರಿ, ಬಿಸಿನೀರು ಬೇಡ.