ಬೆಳಕಿನಿಂದ ಗಡ್ಡೆ ಸುಡ್ತಾರಂತೆ, ಹೌದಾ?

ಪ್ರಶ್ನೆ: ಚಿನ್ನದ ನ್ಯಾನೋ ಕಣ ಬಿಟ್ಟು ಲೇಸರ್ ಹಾಕಿ ಕ್ಯಾನ್ಸರ್ ಸುಡ್ತಾರಂತೆ ಸಾರ್, ನಮ್ಮ ಚಿಕ್ಕಪ್ಪಂಗೆ ಪ್ರಾಸ್ಟೇಟ್ ಕ್ಯಾನ್ಸರ್, ಮಾಡಿಸಬಹುದಾ?

ಉತ್ತರ: ಸುದ್ದಿ ಸುಳ್ಳಲ್ಲ ಕಣ್ರೀ. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಐಡಿಯಾ ಇದು, ಸಿಲಿಕಾ (ಮರಳಲ್ಲಿರೋ ವಸ್ತು) ಉಂಡೆ ಮೇಲೆ ತೆಳ್ಳಗೆ ಚಿನ್ನದ ಲೇಪ, ಅಗಲ ಸುಮಾರು 150 ನ್ಯಾನೋಮೀಟರ್ ಅಷ್ಟೇ (ಒಂದು ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ). ಡ್ರಿಪ್‌ನಲ್ಲಿ ರಕ್ತಕ್ಕೆ ಬಿಡ್ತಾರೆ, ಗಡ್ಡೆಯ ರಕ್ತನಾಳಗಳು ಸೋರೋದ್ರಿಂದ ಕಣಗಳು ಅಲ್ಲೇ ಸೇರ್ಕೊಳ್ತವೆ, ಮಾರನೇ ದಿನ ಎಂಆರ್‌ಐ, ಅಲ್ಟ್ರಾಸೌಂಡ್ ಎರಡರ ಚಿತ್ರ ಸೇರಿಸಿ ನೋಡ್ಕೊಂಡು ಸಣ್ಣ ಲೇಸರ್ ಫೈಬರ್ ಒಳಗಿಟ್ಟು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ರೆ ಚಿನ್ನ ಕಾದು ಗಡ್ಡೆ ಬೇಯುತ್ತೆ. 2019ರಲ್ಲಿ ಪ್ರಕಟವಾದ ವರದಿಯಲ್ಲಿ ಇದ್ದದ್ದು ಬರೀ 16 ರೋಗಿಗಳು, ಅದೂ ಗಡ್ಡೆ ಪ್ರಾಸ್ಟೇಟ್ ಗ್ರಂಥಿ ಒಳಗೇ ಇದ್ದವರು. ಕಣದೊಳಗೆ ಕೀಮೋ ಔಷಧಿನೂ ತುಂಬಿ ಎರಡೇಟು ಹೊಡೆಯೋ ಕೆಲಸ ಹೆಚ್ಚಾಗಿ ಲ್ಯಾಬು, ಇಲಿಗಳ ಮಟ್ಟದಲ್ಲೇ ನಡೀತಿದೆ. ಚಿಕ್ಕಪ್ಪನ ಈಗಿನ ಟ್ರೀಟ್‌ಮೆಂಟ್ ಮಾತ್ರ ನಿಲ್ಲಿಸ್ಬೇಡಿ, ಕಾಯಿಲೆ ಹರಡಿದ್ಯಾ ಇಲ್ವಾ ಅಂತ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಹತ್ರ ಮೊದ್ಲು ಕೇಳಿ.