ಕಲ್ಲು ಎತ್ತುವುದು ಬಿಟ್ಟರೆ ನನ್ನನ್ನು ಯಾರು ಕೇಳುತ್ತಾರೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಯುವಕ, ವಯಸ್ಸು 31. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಉಸುಕಿನ ಚೀಲ ಎತ್ತಿ ಹೆಸರು ಮಾಡಿ, ಆಮೇಲೆ ಜಿಮ್ ಸೇರಿ ಸ್ಟ್ರಾಂಗ್‌ಮ್ಯಾನ್ ಸ್ಪರ್ಧೆಗಿಳಿದವನು. ತೂಕ 128 ಕೆ.ಜಿ. ಟ್ರ್ಯಾಕ್ಟರ್ ಟೈರ್ ಉರುಳಿಸುವಾಗ ತೋಳಿನ ಸ್ನಾಯು ಹರಿದು ಶಸ್ತ್ರಚಿಕಿತ್ಸೆಯಾಗಿತ್ತು. ಅಂದಿನಿಂದ ಮನೆಯಲ್ಲಿ ಮಾತಿಲ್ಲ, ಆಡಿದರೆ ಸಿಟ್ಟು. ಆಪ್ತ ಸಲಹೆಗೆಂದು ನನ್ನ ಬಳಿ ಕರೆತಂದವಳು ಹೆಂಡತಿ.

"ನಾ ಕಲ್ಲ ಎತ್ತೂದ ಬಿಟ್ರ ನನ್ನ ಯಾರ ಕೇಳ್ತಾರ್ರಿ, ಮೇಡಮ್?"

ಒಬ್ಬನೇ ಕೂತಾಗ ಇನ್ನೊಂದು ಸಂಗತಿ ಹೊರಬಿತ್ತು. ಗೆಳೆಯರ ಮಾತಿಗೆ ವರ್ಷಗಟ್ಟಲೆ ಸ್ನಾಯು ಬೆಳೆಸುವ ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡಿದ್ದ. ತೋಳು ಹರಿದ ಮೇಲೆ ಯಾರಿಗೂ ಹೇಳದೆ ಒಮ್ಮೆಲೇ ನಿಲ್ಲಿಸಿದ್ದ. ಹೀಗೆ ಹಾರ್ಮೋನ್ ಹೊರಗಿನಿಂದ ಬರುತ್ತಿದ್ದರೆ ದೇಹ ತನ್ನದೇ ಹಾರ್ಮೋನ್ ತಯಾರಿಕೆಯನ್ನು ಕುಗ್ಗಿಸುತ್ತದೆ, ನಿಲ್ಲಿಸಿದ ಮೇಲೆ ಅದು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ಆ ಅವಧಿಯಲ್ಲಿ ನಿರುತ್ಸಾಹ, ಸಿಟ್ಟು, ಸಾಯುವ ಯೋಚನೆ ಬರಬಹುದು. ಅವನಿಗೂ ಬಂದಿತ್ತು. ಅದನ್ನವನು ತನ್ನ ಹೇಡಿತನವೆಂದುಕೊಂಡಿದ್ದ.

ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ. ಹರಕೆ, ನಾಟಿ ಔಷಧ, ಅತ್ತೆಯ ಚುಚ್ಚುಮಾತು ಎಲ್ಲ ಆ ಹೆಣ್ಣುಮಗಳ ಪಾಲಿಗೇ. ಈ ಇಂಜೆಕ್ಷನ್‌ಗಳಿಂದ ವೀರ್ಯಾಣು ಕಡಿಮೆಯಾಗುತ್ತದೆ, ಬಹಳ ಮಂದಿಗೆ ಬಿಟ್ಟ ಮೇಲೆ ನಿಧಾನಕ್ಕೆ ಸರಿಹೋಗುತ್ತದೆ ಎಂದಾಗ ಅವನು ತಲೆ ಎತ್ತಲಿಲ್ಲ. ಹೆಂಡತಿಗೆ ನಾನು ಹೇಳುವುದಿಲ್ಲ, ನೀನೇ ಹೇಳಬೇಕು ಎಂದೆ. ಮೊದಲು ನಿನ್ನ ತಪಾಸಣೆ, ಅಲ್ಲಿಯವರೆಗೆ ಅವಳಿಗೆ ಇನ್ನೊಂದು ಔಷಧ ಕುಡಿಸಬೇಡಿ ಎಂದೂ ಹೇಳಿದೆ. ಇಷ್ಟು ವರ್ಷ ಅವಳೊಬ್ಬಳೇ ಹೊತ್ತದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಮನೋವೈದ್ಯರಲ್ಲಿಗೆ ಅದೇ ವಾರ ಕಳಿಸಿದೆ. ಹಾರ್ಮೋನ್ ತಜ್ಞರ ಬಳಿಯೂ ಹೋಗಿ, ಯಾವ ಔಷಧ, ಎಷ್ಟು ದಿನ ಎಂಬುದನ್ನು ಮುಚ್ಚಿಡದೆ ಹೇಳಲು ತಿಳಿಸಿದೆ. ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಂದು ಹೆಂಡತಿ ಹೇಳಿದ್ದರಿಂದ ಬಿಪಿ, ಹೃದಯ, ನಿದ್ದೆಯ ತಪಾಸಣೆಯೂ ಬೇಕಿತ್ತು.

ಅವನ ಮೊಬೈಲ್ ತುಂಬ ಬ್ರಿಟನ್ನಿನ ಸ್ಟ್ರಾಂಗ್‌ಮ್ಯಾನ್ ಎಡ್ಡಿ ಹಾಲ್‌ನ ವಿಡಿಯೊಗಳು. 2016ರಲ್ಲಿ 500 ಕೆ.ಜಿ. ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವುದು) ಮಾಡಿ, 2017ರಲ್ಲಿ ವಿಶ್ವದ ಬಲಶಾಲಿ ಪಟ್ಟ ಗೆದ್ದ ಮೇಲೆ ಆತ ಆರೋಗ್ಯದ ಸಲುವಾಗಿ ಆ ಸ್ಪರ್ಧೆಯಿಂದ ಹಿಂದೆ ಸರಿದ. ಐಸ್‌ಲೆಂಡಿನ ಯೋನ್ ಪಾಲ್ ಸಿಗ್‌ಮಾರ್ಸನ್ ಅದೇ ಪಟ್ಟವನ್ನು ನಾಲ್ಕು ಸಲ ಗೆದ್ದವನು. 1993ರಲ್ಲಿ, 32ನೇ ವಯಸ್ಸಿಗೆ, ಜಿಮ್‌ನಲ್ಲಿ ಭಾರ ಎತ್ತುವಾಗಲೇ ತೀರಿಕೊಂಡ. ಇಬ್ಬರ ಕಥೆಯನ್ನೂ ಹೇಳಿದೆ. ಆದರೆ ಸ್ಪರ್ಧೆ ಬಿಡು ಎನ್ನಲಿಲ್ಲ. ಮನಸ್ಸು ಕುಗ್ಗಿರುವಾಗ ಅಂಥ ತೀರ್ಮಾನ ಬೇಡ, ವೈದ್ಯರು ಸರಿ ಎನ್ನುವ ತನಕ ಸ್ಪರ್ಧೆಗಿಳಿಯುವ ಮಾತೂ ಎತ್ತಬೇಡ ಎಂದೆ.

ತಂದೆಯನ್ನೂ ಕರೆಸಿದೆ. "ಮನ್ಯಾಗಿನ ಹಾಲು, ತುಪ್ಪ ಎಲ್ಲಾ ಇವಗ ಹಾಕೇನ್ರಿ, ಈಗ ಹಿಂಗ ಕುಂತಾನ" ಎಂದರು. ಅವರೂ ಹಳೇ ಪೈಲ್ವಾನರು, ಮಗನ ಮೇಲೆ ಜೀವ. "ಹಾಕ್ರಿ, ಯಜಮಾನ್ರ. ಕಲ್ಲು ಎತ್ತದ ದಿನಾನೂ ಅಷ್ಟ ಪ್ರೀತಿಲೆ ಹಾಕ್ರಿ. ಮುಂದಿನ ಜಾತ್ರಿ ಯಾವಾಗ ಅಂತ ಮಾತ್ರ ಕೇಳಬ್ಯಾಡ್ರಿ" ಎಂದೆ. ಬಹಳ ಹೊತ್ತು ಸುಮ್ಮನಿದ್ದು ಒಪ್ಪಿದರು.

ಮುಂದಿನ ಭೇಟಿಗೆ ಗಂಡ ಹೆಂಡತಿ ಒಟ್ಟಿಗೆ ಬಂದರು. ಅವನು ಹೆಂಡತಿಗೂ ತಾಯಿಗೂ ನಿಜ ಹೇಳಿದ್ದ. ಅವಳ ಕೋಪ ಇನ್ನೂ ಇಳಿದಿಲ್ಲ, ಇಳಿಸಲು ನಾನೂ ಅವಸರಪಡಿಸಿಲ್ಲ. ಚಿಕಿತ್ಸೆ ನಡೆದಿದೆ. ರಾತ್ರಿ ಕೆಟ್ಟ ಯೋಚನೆ ಬಂದರೆ ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಇಬ್ಬರ ಮೊಬೈಲ್‌ನಲ್ಲೂ ಸೇವ್ ಮಾಡಿಸಿದ್ದೇನೆ.